ಕಿಟಕಿ ಇಲ್ಲದ ಕೋಣೆಯಲ್ಲಿ ಮೂರು ಹಗಲು

ಸಿಗಂದೂರಿಗೆ ಹೋಗುವಾಗ ಹೊಳೆಬಾಗಿಲಿನಲ್ಲಿ ಹತ್ತುತ್ತಿದ್ದ ಲಾಂಚ್ ಬಿಟ್ಟರೆ ನಾನು ನೀರಿನ ಮೇಲೆ ಪ್ರಯಾಣ ಮಾಡಿದವಳಲ್ಲ. ನಮ್ಮ ಯಜಮಾನರೂ ಅಷ್ಟೇ. ತೀರ್ಥಹಳ್ಳಿಯಲ್ಲಿ ಹುಟ್ಟಿ, ಅಲ್ಲೇ ಸುತ್ತಮುತ್ತಲಿನ ಶಾಲೆಗಳಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. 2023ರ ಆಗಸ್ಟಿನಲ್ಲಿ ಸಿಯಾಟಲ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಅವನು ನಮ್ಮಿಬ್ಬರಿಗೂ ಅಲಾಸ್ಕಾಕ್ಕೆ ಹೋಗಿಬರುವ ಹಡಗಿನಲ್ಲಿ ಜಾಗ ಕಾದಿರಿಸಿದ. ಏಳು ರಾತ್ರಿಗಳ ಪ್ರವಾಸ. ಅವನಿಗೆ ರಜೆ ಸಿಕ್ಕಿರಲಿಲ್ಲ. "ಊಟ, ಕೋಣೆ ಎಲ್ಲ ಅಲ್ಲೇ ಇರತ್ತಮ್ಮ. ನೀವು ಅಪ್ಪ ಆರಾಮಾಗಿ ಕೂತು ಬೆಟ್ಟ ನೋಡ್ಕೊಂಡು ಬನ್ನಿ" ಎಂದ.

ಬಂದರಿನಲ್ಲಿ ಕಾರಿನಿಂದ ಇಳಿದಾಗ ಹಡಗು ಎಲ್ಲಿದೆ ಎಂದು ನಾನು ಹುಡುಕಿದೆ. ಎದುರಿಗೆ ಇದ್ದದ್ದು ಬಿಳಿ ಗೋಡೆ, ಅದರ ತುಂಬ ಬಾಲ್ಕನಿಗಳು. ಯಾವುದೋ ದೊಡ್ಡ ವಸತಿಗೃಹ ಅಂದುಕೊಂಡೆ. ಅದೇ ಹಡಗು. ಉದ್ದ ಮುನ್ನೂರು ಮೀಟರಿಗೂ ಹೆಚ್ಚು. ಸುಮಾರು 4,000 ಪ್ರಯಾಣಿಕರು, ಅವರನ್ನು ನೋಡಿಕೊಳ್ಳಲು 1,500ಕ್ಕೂ ಹೆಚ್ಚು ಸಿಬ್ಬಂದಿ. ನಮ್ಮ ಪೇಟೆಯ ಹಲವು ವಾರ್ಡುಗಳ ಜನರನ್ನೆಲ್ಲ ಒಂದೇ ಕಟ್ಟಡದಲ್ಲಿ ತುಂಬಿ ನೀರಿಗೆ ಬಿಟ್ಟ ಹಾಗೆ.

ಒಳಗೆ ಕಾಲಿಟ್ಟ ಮೊದಲ ಗಂಟೆಯಲ್ಲಿ ನನ್ನ ಕಣ್ಣು ಯಾವುದರ ಮೇಲೂ ನಿಲ್ಲಲಿಲ್ಲ. ಗಾಜಿನ ಲಿಫ್ಟು, ಪಿಯಾನೋ, ರಂಗಮಂದಿರ, ಆಸ್ಪತ್ರೆ, ಈಜುಕೊಳ. ಕುಡಿಯುವ ನೀರನ್ನು ಬಹುಪಾಲು ಸಮುದ್ರದ ನೀರಿನಿಂದಲೇ ತಯಾರಿಸುತ್ತಾರೆ ಎಂದು ಕೇಳಿ ಯಜಮಾನರು ಲೋಟ ಎತ್ತಿ ನೋಡಿದರು. ಊಟದ ಸಾಲಿನ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತು, ಹೋಗುವವರ ಬರುವವರ ಕೈಗೆಲ್ಲ ದ್ರಾವಣ ಹಾಕುತ್ತಿದ್ದಳು. ಪಕ್ಕದಲ್ಲೇ ಸೋಪು ನೀರಿನ ಬೇಸಿನ್ ಇತ್ತು. ದ್ರಾವಣ ಹಾಕಿದ್ದಾಳಲ್ಲ ಎಂದು ನಾವು ಬೇಸಿನ್ ಕಡೆ ಹೋಗಲಿಲ್ಲ.

ಹೊರಡುವ ಮುಂಚೆ ಎಲ್ಲರೂ ತಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಕಾರ್ಡು ತೋರಿಸಬೇಕು. ಅಪಾಯವಾದರೆ ಸೇರಬೇಕಾದ ಜಾಗ ಅದು. ಅದಕ್ಕೆ ಸೂಚನೆ ಏಳು ಗಿಡ್ಡ ಸೈರನ್, ಆಮೇಲೆ ಒಂದು ಉದ್ದದ್ದು. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಬಂಡೆಗೆ ಬಡಿದು ವಾಲಿದಾಗ, ಅಂದೇ ಹತ್ತಿದ ನೂರಾರು ಜನರಿಗೆ ಈ ಅಭ್ಯಾಸ ಇನ್ನೂ ಆಗಿರಲಿಲ್ಲ. 32 ಜನ ತೀರಿಕೊಂಡರು. ಈಗ ಹಡಗು ಬಿಡುವ ಮುಂಚೆ ಅಥವಾ ಬಿಟ್ಟ ಕೂಡಲೇ ಇದು ಆಗಲೇಬೇಕು ಎಂದು ಅಂತರರಾಷ್ಟ್ರೀಯ ನಿಯಮವೇ ಇದೆ. ನಾವು ಶ್ರದ್ಧೆಯಿಂದ ಮಾಡಿದೆವು. ಮುಳುಗುವುದೊಂದೇ ಹಡಗಿನ ಅಪಾಯ ಎಂದು ಆಗ ನಮ್ಮ ತಿಳಿವಳಿಕೆ.

ನಮ್ಮದು ಒಳಗಿನ ಕೋಣೆ. ಕಿಟಕಿ ಇಲ್ಲ. ಒಂದು ಮಂಚ, ಒಂದು ಬೀರು, ಒಂದು ಟಿವಿ, ಒಬ್ಬರು ನಿಂತರೆ ತುಂಬುವ ಬಚ್ಚಲು. ದೀಪ ಆರಿಸಿದರೆ ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಕತ್ತಲೆ. ಮಲಗಲು ಮಾತ್ರ ತಾನೇ ಎಂದು ಮಗ ಕಡಿಮೆ ದರದ್ದು ತೆಗೆದುಕೊಂಡಿದ್ದ. ನಾವೇ ಹಾಗೆ ಹೇಳಿದ್ದೆವು.

ಸಂಜೆ ಮೇಲಿನ ಡೆಕ್ಕಿನಲ್ಲಿ ನಿಂತು ಸಿಯಾಟಲ್ ಸಣ್ಣದಾಗುವುದನ್ನು ನೋಡಿದೆವು. ಒಳಗಿನ ನೀರಿನಲ್ಲಿ ಹಡಗು ಹೋಗುತ್ತಿದೆ ಎಂದೇ ತಿಳಿಯುತ್ತಿರಲಿಲ್ಲ. ರಾತ್ರಿ ಕಳೆಯುತ್ತ ಹುವಾನ್ ದೆ ಫುಕಾ ಜಲಸಂಧಿ ದಾಟಿ ತೆರೆದ ಪೆಸಿಫಿಕ್‌ಗೆ ಬಂದ ಮೇಲೆ ಶಬ್ದ ಬದಲಾಯಿತು. ಗೋಡೆಯ ಹಲಗೆಗಳು ಕಿರ್ರೆಂದವು. ಬೀರುವಿನೊಳಗಿನ ಹ್ಯಾಂಗರುಗಳು ಒಂದಕ್ಕೊಂದು ತಾಗಿ ಟಕ್, ಸ್ವಲ್ಪ ತಡೆದು ಮತ್ತೆ ಟಕ್. ನಾನು ಎದ್ದು ಅವುಗಳ ನಡುವೆ ಟವೆಲ್ ತುರುಕಿದೆ.

ಬೆಳಗ್ಗೆ ಆರಕ್ಕೆ ಯಜಮಾನರಿಗೆ ವಾಂತಿ ಶುರುವಾಯಿತು.

ಹೊರಗೆ ಬಂದು ನೋಡಿದರೆ ಲಿಫ್ಟಿನ ಪಕ್ಕ ಕಾಗದದ ಚೀಲ ತೂಗುಹಾಕಿದ್ದರು, ವಾಂತಿ ಬಂದವರಿಗೆಂದು. ಓಡಾಡುವವರೆಲ್ಲ ಗೋಡೆ ಹಿಡಿದು ನಡೆಯುತ್ತಿದ್ದರು. ನನಗೂ ಹೊಟ್ಟೆ ತೊಳಸುತ್ತಿತ್ತು. ಹಾಗಾಗಿ ಸಮುದ್ರದ ಓಲಾಟ ಎಂದು ತೀರ್ಮಾನ ಮಾಡಿಬಿಟ್ಟೆ. ಊರಿಂದ ತಂದಿದ್ದ ಒಣಶುಂಠಿ ಜಗಿಯಲು ಕೊಟ್ಟೆ. ಹತ್ತು ಗಂಟೆಗೆ ಭೇದಿಯೂ ಆರಂಭವಾಯಿತು. ಓಲಾಟಕ್ಕೆ ವಾಂತಿ ಬರುತ್ತದೆ, ಭೇದಿ ಆಗುವುದಿಲ್ಲ. ಇದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಿತು ಕೂಡ. ಆದರೆ ಹಡಗು ಹತ್ತುವಾಗ ಒಂದು ಹಾಳೆ ತುಂಬಿಸಿಕೊಂಡಿದ್ದರು: ವಾಂತಿ ಭೇದಿ ಇದ್ದರೆ ತಿಳಿಸಬೇಕು. ತಿಳಿಸಿದರೆ ಕೋಣೆಯೊಳಗೇ ಇರಿಸುತ್ತಾರೆ ಎಂದು ಊಟದ ಮೇಜಿನಲ್ಲಿ ಯಾರೋ ಹೇಳಿದ್ದರು.

"ಹೇಳೋದು ಬೇಡ ಕಣೇ" ಎಂದರು ಇವರು. "ಗುರುವಾರ ನೀರ್ಗಲ್ಲು ನೋಡೋದಿದೆ. ಸಂಜೆ ಹೊತ್ತಿಗೆ ಸರಿಹೋಗತ್ತೆ." ಮಗ ಅಷ್ಟು ಹಣ ಕೊಟ್ಟಿದ್ದಾನೆ ಎಂಬುದೂ ಮನಸ್ಸಿನಲ್ಲಿತ್ತು. ನಾನು ಹೂಂ ಅಂದೆ. ಇಬ್ಬರೂ ಸೇರಿ ಮುಚ್ಚಿಟ್ಟೆವು.

ಅವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಗ್ಗೆ ಒಂದು, ಸಂಜೆ ಒಂದು ಗ್ಲಿಮೆಪಿರೈಡ್ ಮಾತ್ರೆ. ಆವತ್ತು ಅರ್ಧ ಬ್ರೆಡ್ಡು ಬಿಟ್ಟರೆ ಏನೂ ಒಳಗೆ ಹೋಗಿರಲಿಲ್ಲ, ಹೋದದ್ದೂ ಉಳಿದಿರಲಿಲ್ಲ. ಆದರೂ ಸಂಜೆ ಏಳಕ್ಕೆ ನಾನೇ ನೀರು ಕೊಟ್ಟು ಮಾತ್ರೆ ನುಂಗಿಸಿದೆ. ಹನ್ನೆರಡು ವರ್ಷ ಒಂದು ದಿನ ತಪ್ಪಿಸದೆ ನೋಡಿಕೊಂಡವಳು ನಾನು. ಅದೇ ಅಭ್ಯಾಸದಿಂದ ಕೊಟ್ಟೆ.

ರಾತ್ರಿ ಹನ್ನೊಂದೂವರೆಗೆ ಎಚ್ಚರವಾಯಿತು. ಅವರ ಕೈ ನನ್ನ ಮೈಗೆ ತಾಗಿತ್ತು, ತಣ್ಣಗೆ, ಒದ್ದೆಯಾಗಿ. ದೀಪ ಹಾಕಿದರೆ ದಿಂಬೆಲ್ಲ ಬೆವರು. ತುಟಿ ನಡುಗುತ್ತಿತ್ತು. "ಏನ್ರೀ, ಏನಾಯ್ತು?" ಎಂದರೆ, "ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದರು. ಮತ್ತೊಮ್ಮೆ ಅದೇ ಪ್ರಶ್ನೆ. ನನ್ನನ್ನು ನೋಡುತ್ತಿದ್ದರು, ಗುರುತು ಹಿಡಿದ ಹಾಗಿರಲಿಲ್ಲ.

ಸಕ್ಕರೆ ನೋಡುವ ಯಂತ್ರ ಬ್ಯಾಗಿನಲ್ಲಿತ್ತು. ಹಡಗು ಓಲಾಡುತ್ತಿತ್ತು, ನನ್ನ ಕೈ ನಡುಗುತ್ತಿತ್ತು. ಎರಡು ಪಟ್ಟಿ ಹಾಳಾದವು. ಮೂರನೆಯದು 46 ತೋರಿಸಿತು. ಎಪ್ಪತ್ತರ ಕೆಳಗೆ ಬಂದರೆ ಕೂಡಲೇ ಸಕ್ಕರೆ ಕೊಡಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದು ನೆನಪಾಯಿತು. ಕಾಫಿ ಟೇಬಲ್ಲಿನಿಂದ ತಂದಿಟ್ಟಿದ್ದ ನಾಲ್ಕು ಸಕ್ಕರೆ ಪೊಟ್ಟಣ ಹರಿದು ಲೋಟದಲ್ಲಿ ಕದಡಿದೆ. ಅವರನ್ನು ಗೋಡೆಗೆ ಒರಗಿಸಿ ಚಮಚೆಯಲ್ಲಿ ಸ್ವಲ್ಪಸ್ವಲ್ಪವೇ ಕುಡಿಸಿದೆ. ನುಂಗಿದರು. ಆಮೇಲೆ ಫೋನಿನ ಮೇಲೆ ಬರೆದಿದ್ದ ತುರ್ತು ಸಂಖ್ಯೆ ಒತ್ತಿದೆ.

ಕೆಲವೇ ನಿಮಿಷಗಳಲ್ಲಿ ಮೂವರು ಬಂದರು. ಗಾಲಿಕುರ್ಚಿಯಲ್ಲಿ ಕೂರಿಸಿ ಕೆಳಗಿನ ಅಂತಸ್ತಿಗೆ ಕರೆದೊಯ್ದರು. ಅಲ್ಲಿ ಓಲಾಟ ಕಡಿಮೆ, ಎಂಜಿನ್ನಿನ ಗುಂಯ್‌ಗುಡುವಿಕೆ ಹೆಚ್ಚು. ಡ್ರಿಪ್ ಹಾಕಿದರು. ನರ್ಸಮ್ಮ ಕೇಳಿದರು, "ವಾಂತಿ ಯಾವಾಗಿನಿಂದ?" ನನ್ನ ಬಾಯಿಂದ "ಸಂಜೆಯಿಂದ" ಎಂದು ಬಂತು. ಆಕೆ ಬರೆದುಕೊಂಡರು. ಆ ಪೆನ್ನು ಕಾಗದದ ಮೇಲೆ ಓಡಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಅಲ್ಲ, ಬೆಳಗ್ಗೆ ಆರರಿಂದ. ಭೇದಿಯೂ ಇದೆ. ನಾವು ಹೇಳಲಿಲ್ಲ" ಎಂದೆ. ಆಕೆ ನನ್ನನ್ನು ಬೈಯಲಿಲ್ಲ. ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದರು. ಊಟಕ್ಕೆ ಎಲ್ಲಿ ಹೋಗಿದ್ದಿರಿ, ಯಾವ ಬಚ್ಚಲು ಬಳಸಿದಿರಿ ಎಂದು ಒಂದೊಂದನ್ನೇ ಕೇಳಿದರು.

ನೋರೋವೈರಸ್ ಇರಬಹುದು ಎಂದರು. ಕೆಲವೇ ಕಣಗಳು ಒಳಹೋದರೂ ಸಾಕಂತೆ. ತಗುಲಿದ ಮೇಲೆ ಲಕ್ಷಣ ಕಾಣಲು 12ರಿಂದ 48 ಗಂಟೆ ಬೇಕು. ಹಾಗಾಗಿ ಹಡಗಿನಲ್ಲೇ ತಗುಲಿತೋ, ಹತ್ತುವ ಮುಂಚೆ ದಡದಲ್ಲೇ ತಗುಲಿತ್ತೋ ಹೇಳಲಾಗದು. ಬಾಗಿಲಲ್ಲಿ ಕೈಗೆ ಹಾಕುವ ದ್ರಾವಣಕ್ಕೆ ಇದು ಅಷ್ಟಾಗಿ ಬಗ್ಗುವುದಿಲ್ಲ, ಸೋಪು ಹಚ್ಚಿ ಉಜ್ಜಿ ತೊಳೆಯುವುದೇ ಮದ್ದು. ನಾವು ಬಿಟ್ಟುಹೋಗಿದ್ದ ಆ ಬೇಸಿನ್ ನೆನಪಾಯಿತು.

ಬೆಳಗಿನ ಜಾವ ಇವರು ಕಣ್ಣು ಬಿಟ್ಟು, "ನೀನು ಏನಾದ್ರೂ ತಿಂದ್ಯಾ?" ಎಂದು ಕೇಳಿದರು. ಅಲ್ಲಿಯತನಕ ಒಣಗಿದ್ದ ನನ್ನ ಕಣ್ಣಿಂದ ಆಗ ನೀರು ಬಂತು.

ಮಂಗಳವಾರ ಹಡಗು ಅಲಾಸ್ಕಾದ ಜುನೋ ತಲುಪುವ ಹೊತ್ತಿಗೆ ನಾವು ಕೋಣೆಯೊಳಗಿದ್ದೆವು. ಮಧ್ಯಾಹ್ನ ನನಗೂ ಶುರುವಾಯಿತು. ಲಕ್ಷಣ ನಿಂತು 48 ಗಂಟೆ ಆಗುವವರೆಗೆ ಬಾಗಿಲು ದಾಟಬಾರದು. ಹೊರಗೆ ಹಗಲೋ ರಾತ್ರಿಯೋ ಗಡಿಯಾರ ನೋಡಿಯೇ ತಿಳಿಯಬೇಕು. ಮೈಮುಚ್ಚುವ ಉಡುಪು ಹಾಕಿದವರು ಬಂದು ಬಾಗಿಲ ಹಿಡಿ, ಲೈಟಿನ ಗುಂಡಿ, ಟಿವಿ ರಿಮೋಟು ಎಲ್ಲವನ್ನೂ ಒರೆಸಿಹೋಗುತ್ತಿದ್ದರು. ಒಬ್ಬರು ವಾಂತಿ ಮಾಡಿಕೊಳ್ಳುವಾಗ ಇನ್ನೊಬ್ಬರು ಬೆನ್ನು ನೀವುವುದು, ಅವರು ಎದ್ದ ಮೇಲೆ ಇವರು. ಆ ಇಡೀ ಹಗಲು ನಮಗೆ ಅಷ್ಟೇ ಕೆಲಸ.

ಸೂಪು, ಬಿಸ್ಕತ್ತು, ಹಸಿರು ಸೇಬು ಕಳಿಸುತ್ತಿದ್ದರು. ಇವರಿಗೆ ಯಾವುದೂ ಗಂಟಲಿಗೆ ಇಳಿಯಲಿಲ್ಲ. ಮಾತ್ರೆಯನ್ನು ಡಾಕ್ಟರೇ ನಿಲ್ಲಿಸಿದ್ದರು, ಆದರೂ ತಿನ್ನದಿದ್ದರೆ ಸಕ್ಕರೆ ಮತ್ತೆ ಇಳಿಯುವ ಭಯ. ರಾತ್ರಿ ಹತ್ತರ ಮೇಲೆ ಫೋನ್ ಹೊಡೆದುಕೊಂಡಿತು. "ಅಮ್ಮಾ, ನಾನು ಕುಂದಾಪ್ರದವ. ಇಲ್ಲಿ ಅಡುಗೆಮನೇಲಿ ಕೆಲ್ಸ. ಕೋಣೆ ಹುಡುಗ ಹೇಳ್ದ, ಯಾರೋ ಇಂಡಿಯಾದವ್ರು ಊಟ ಮಾಡ್ತಿಲ್ಲ ಅಂತ. ಎಂತ ಬೇಕು ಹೇಳಿ, ಮಾಡಿ ಕಳಿಸ್ತೆ."

ಹಿಂದಿನ ರಾತ್ರಿಯಿಂದ ಇಂಗ್ಲಿಷಿನಲ್ಲೇ ನೋವು ಹೇಳಿ ಹೇಳಿ ದಣಿದಿದ್ದ ನನಗೆ ಕೂಡಲೇ ಮಾತು ಬರಲಿಲ್ಲ. "ಗಂಜಿ ಆಗತ್ತೇನಪ್ಪ?" ಎಂದೆ.

"ಅದಕ್ಕೆಂತ? ನಮ್ಗೆ ದಿನಾ ಅನ್ನ ಇರತ್ತೆ. ಉಪ್ಪು ಹಾಕಿ ಕಳಿಸ್ತೆ. ಉಪ್ಪಿನಕಾಯಿ ಇತ್ತು, ಆದ್ರೆ ಇವತ್ತು ಬ್ಯಾಡ."

ಮುಚ್ಚಳದ ಬಟ್ಟಲಿನಲ್ಲಿ ಬಂತು. ಅಗುಳು ಕರಗುವಷ್ಟು ಬೆಂದಿತ್ತು, ತಿಳಿ ಮೇಲೆ ನಿಂತಿತ್ತು. ಉಪ್ಪು ಹದವಾಗಿತ್ತು. ಇವರು ಮೊದಲು ತಿಳಿ ಕುಡಿದರು, ತಡೆದು ನೋಡಿದರು, ವಾಂತಿ ಬರಲಿಲ್ಲ. ಇನ್ನೆರಡು ಚಮಚೆ. ಅರ್ಧ ಗಂಟೆಯಲ್ಲಿ ಬಟ್ಟಲು ಬರಿದಾಯಿತು. ಯಂತ್ರದಲ್ಲಿ ನೋಡಿದರೆ 118.

ಬುಧವಾರವೂ ಅವನ ಗಂಜಿ ಬಂತು, ಫೋನೂ ಬಂತು. ಎಂಟು ತಿಂಗಳ ಕಾಂಟ್ರಾಕ್ಟು, ಊರಲ್ಲಿ ತಾಯಿ ಒಬ್ಬರೇ ಎಂದ. ನಾವು ಮುಚ್ಚಿಟ್ಟ ಸಂಗತಿಯನ್ನು ನಾನು ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಗೆ ತಾಗಿದ್ರೆ ನಾವೂ ಕೋಣೆ ಒಳಗೇ ಅಮ್ಮ. ನಮ್ ಕೆಲ್ಸ ಉಳಿದವ್ರು ಮಾಡ್ಕ್. ನೀವು ಹೇಳಿದ್ದು ಒಳ್ಳೇದೇ ಆಯ್ತು" ಎಂದ. ನಾನು ಆವರೆಗೆ ನಮ್ಮಿಬ್ಬರ ಬಗ್ಗೆ ಮಾತ್ರ ಯೋಚಿಸಿದ್ದೆ. ನಾವು ಹಿಡಿದ ಕಂಬಿಯನ್ನು ನಮ್ಮ ಹಿಂದೆಯೇ ಒರೆಸುವ ಕೈ ಒಂದಿದೆ, ಅದು ಯಾರದೋ ಮಗನದು ಎಂಬುದು ನನ್ನ ತಲೆಗೆ ಬಂದಿರಲಿಲ್ಲ.

ಗುರುವಾರ ಗ್ಲೇಷಿಯರ್ ಬೇ. ಯಾವುದಕ್ಕಾಗಿ ಸುಳ್ಳು ಹೇಳಿದೆವೋ ಆ ದಿನ. ಟಿವಿಯಲ್ಲಿ ಹಡಗಿನ ಮೂತಿಯ ಕ್ಯಾಮೆರಾ ತೋರಿಸುವ ಚಾನೆಲ್ ಇತ್ತು. ಮಂಚದ ಮೇಲೆ ಕೂತು ಅದನ್ನೇ ನೋಡಿದೆವು. ಹಡಗು ಹತ್ತಿದ್ದ, ಆ ಕೊಲ್ಲಿಯ ರಾಷ್ಟ್ರೀಯ ಉದ್ಯಾನದ ರೇಂಜರ್ ಧ್ವನಿ ಕೇಳುತ್ತಿತ್ತು. 1794ರಲ್ಲಿ ನಾವಿಕ ವ್ಯಾಂಕೂವರನ ತಂಡ ಬಂದಾಗ ಈ ಕೊಲ್ಲಿ ಬಹುಪಾಲು ಹಿಮದಿಂದ ಮುಚ್ಚಿತ್ತು, 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ಬರುವಷ್ಟರಲ್ಲಿ ಹಿಮ ಮೂವತ್ತಕ್ಕೂ ಹೆಚ್ಚು ಮೈಲಿ ಹಿಂದೆ ಸರಿದಿತ್ತು ಎಂದು ಹೇಳುತ್ತಿದ್ದರು. ಮಾರ್ಜರಿ ನೀರ್ಗಲ್ಲಿನ ಎದುರು ಹಡಗು ನಿಂತಿತು. ಸುಮಾರು ಒಂದು ಮೈಲಿ ಅಗಲದ ನೀಲಿ ಗೋಡೆ, ನಮ್ಮ ಪಾಲಿಗೆ ಎರಡಡಿ ಪರದೆಯಷ್ಟು. ಒಂದು ಚೂರು ಕಳಚಿ ನೀರಿಗೆ ಬಿತ್ತು. "ಕಂಡ್ಯಾ?" ಎಂದರು ಇವರು. "ಕಂಡೆ" ಎಂದೆ. ಅವರು ಬದುಕಿದ್ದು ನನ್ನ ಪಕ್ಕ ಕೂತು ಅದನ್ನು ಕೇಳಿದರಲ್ಲ, ನನಗೆ ಬೇರೇನೂ ಬೇಕಿರಲಿಲ್ಲ.

ಶುಕ್ರವಾರ ಬೆಳಗ್ಗೆ ಬಿಡುಗಡೆ. ಕೆಚಿಕನ್ ಎಂಬ ಊರು. ಹೊರಗೆ ಕಾಲಿಟ್ಟರೆ ಮಳೆ, ಬಿಡದೆ ಸುರಿಯುವ ಮಳೆ. ಅಲ್ಲಿ ವರ್ಷಕ್ಕೆ ಸುಮಾರು 150 ಅಂಗುಲ ಬೀಳುತ್ತದಂತೆ. ನಮ್ಮ ಆಗುಂಬೆಯದು ಹೆಚ್ಚುಕಡಿಮೆ ಅದರ ಎರಡರಷ್ಟು. ಉಳಿದವರು ಅಂಗಡಿಗಳಿಗೆ ನುಗ್ಗಿದರು. ಇವರು ಟೊಪ್ಪಿ ತೆಗೆದು ಮಳೆಗೆ ಮುಖ ಒಡ್ಡಿ ನಿಂತರು. ಮೂರು ದಿನದ ಮೇಲೆ ಆಕಾಶ ನೋಡಿದ ಮನುಷ್ಯನನ್ನು ನಾನು ತಡೆಯಲಿಲ್ಲ.

ನಮ್ಮ ಕಡೆಯಿಂದಲೂ ಈಗ ವಯಸ್ಸಾದವರು ಮಕ್ಕಳ ಜೊತೆ ಇಂಥ ಹಡಗು ಹತ್ತುತ್ತಿದ್ದಾರೆ. ಅವರಿಗಾಗಿ ನಾಲ್ಕು ಮಾತು. ಸಕ್ಕರೆ ಕಾಯಿಲೆ ಇದ್ದರೆ, ಊಟ ಸೇರದ ದಿನ ಯಾವ ಮಾತ್ರೆ ನಿಲ್ಲಿಸಬೇಕು ಎಂದು ಊರಿನ ಡಾಕ್ಟರಲ್ಲಿ ಮೊದಲೇ ಬರೆಸಿಕೊಳ್ಳಿ. ಸಕ್ಕರೆ ನೋಡುವ ಯಂತ್ರವೂ ಗ್ಲೂಕೋಸ್ ಪುಡಿಯೂ ಕೈಚೀಲದಲ್ಲೇ ಇರಲಿ. ಚಿಕಿತ್ಸೆಯ ಖರ್ಚು ಡಾಲರಿನಲ್ಲಿ ನಮ್ಮ ಕೋಣೆಯ ಲೆಕ್ಕಕ್ಕೇ ಬರುತ್ತದೆ, ಮೊದಲೇ ಇರುವ ಕಾಯಿಲೆಗೂ ಅನ್ವಯಿಸುವ ವಿಮೆ ಮಾಡಿಸಿ. ನಮ್ಮ ವಿಮೆಯಲ್ಲಿ ಅದಿರಲಿಲ್ಲ. ಹೊಟ್ಟೆ ಕೆಟ್ಟರೆ ಮೊದಲ ಗಂಟೆಯಲ್ಲೇ ಹೇಳಿಬಿಡಿ. ಬೆಟ್ಟ, ಹಿಮ ತಪ್ಪಿದರೆ ತಪ್ಪಲಿ.

ಗಂಜಿ ಕಳಿಸಿದ ಆ ಹುಡುಗನ ಮುಖವನ್ನು ನಾವು ಕೊನೆಗೂ ನೋಡಲಿಲ್ಲ. ಇಳಿಯುವ ದಿನ ಅವನಿಗೆ ಬೆಳಗಿನ ಪಾಳಿ. ತಾಯಿಯ ಫೋನ್ ನಂಬರು ಮಾತ್ರ ಬರೆದುಕೊಂಡಿದ್ದೆ. ಊರಿಗೆ ಬಂದ ಮೇಲೆ ನವರಾತ್ರಿ ಕಳೆದು ಒಂದು ದಿನ ಘಟ್ಟ ಇಳಿದು ಕುಂದಾಪುರದ ಕಡೆ ಅವರ ಮನೆಗೆ ಹೋದೆವು. ಆಕೆ ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಆಕೆ ಕೇಳಿದ್ದು ಒಂದೇ ಮಾತು.

"ಗಂಜಿಗೆ ಉಪ್ಪು ಸಮ ಇತ್ತಾ ಅಮ್ಮ?"

"ಸಮ ಇತ್ತು" ಎಂದರು ಇವರು.