ಬೆಚ್ಚಿಬೀಳೋದು ಬೇರೆ, ಅಂಜೋದು ಬೇರೆ

ಆಫೀಸಿನಲ್ಲಿ ನನಗೆ 'ಹಾರರ್ ಎಕ್ಸ್‌ಪರ್ಟ್' ಅಂತ ಹೆಸರಿದೆ. ಶುಕ್ರವಾರ ಸಂಜೆ ಆದ್ರೆ ಸಾಕು, "ಈ ವಾರ ಯಾವ ದೆವ್ವ ನೋಡೋಣ?" ಅಂತ ಟೀಮಿನವರು ಕೇಳ್ತಾರೆ. ನಾನೂ ದೊಡ್ಡ ವಿಮರ್ಶಕನ ಥರ ಒಂದೆರಡು ಹೆಸರು ಹೇಳಿ ಕಳಿಸ್ತೀನಿ. ಆದ್ರೆ ನಿಜ ಹೇಳಬೇಕು ಅಂದ್ರೆ, ಸಿನಿಮಾ ನೋಡಿ ನಾನು ಹೆದರೋದು ನಿಂತು ಹೋಗಿ ವರ್ಷಗಳಾದವು. ಬೆಚ್ಚಿಬೀಳ್ತೀನಿ, ಅಷ್ಟೆ.

ಎರಡಕ್ಕೂ ವ್ಯತ್ಯಾಸ ಇದೆ ಸ್ವಾಮಿ. ಹತ್ತು ಸೆಕೆಂಡ್ ಪೂರ್ತಿ ನಿಶ್ಶಬ್ದ, ನಾಯಕಿ ಬಾತ್‌ರೂಮಿನ ಕನ್ನಡಿ ಮುಂದೆ ಬಗ್ಗಿ ಮುಖ ತೊಳೀತಾಳೆ, ತಲೆ ಎತ್ತಿದ್ರೆ ಹಿಂದೆ ಇನ್ನೊಂದು ಮುಖ, ಧಡಾರ್ ಅಂತ ಸೌಂಡು! ಇದು ಕಿವಿಗೆ ಬಿದ್ದ ಪೆಟ್ಟು. ಯಾರಾದ್ರೂ ಹಿಂದಿನಿಂದ ಬಂದು 'ಭೌ' ಅಂದ್ರೂ ಅಷ್ಟೇ ಬೆಚ್ಚಿಬೀಳ್ತೀವಿ. ನಮ್ಮ ಕಲಬುರಗಿ ಕಡೆ 'ಅಂಜಿಕಿ' ಅಂತಾರಲ್ಲ, ಅದು ಶುರುವಾಗೋದು ಸಿನಿಮಾ ಮುಗಿದ ಮೇಲೆ. ನೀರು ಕುಡಿಯೋಕೆ ಅಡುಗೆಮನೆಗೆ ಹೋಗೋ ಧೈರ್ಯ ಇಲ್ದೆ ಬಾಯಾರಿಕೊಂಡೇ ಮಲಗ್ತೀವಲ್ಲ, ಅದು ಅಂಜಿಕಿ.

ಕನ್ನಡದ ದೆವ್ವಗಳ ಬಗ್ಗೆ ನಂದೊಂದು ಹಳೇ ತಕರಾರಿದೆ. ಬಹುಪಾಲು ದೆವ್ವಗಳಿಗೆ ಮಳೆ ಬೇಕು, ಕಾಡು ಬೇಕು, ಮಂಜು ಬೇಕು. 1993ರ 'ಶ್!' ನೋಡಿ, ಉಪೇಂದ್ರ ಕಾಡಿನ ನಡುವೆ ಸಿನಿಮಾ ಶೂಟಿಂಗ್ ತಂಡವನ್ನೇ ತಂದು ಕೂರಿಸಿ ಹೆದರಿಸಿದ್ರು. 2015ರ 'ರಂಗಿತರಂಗ' ನೋಡಿ, ಹಸಿರೋ ಹಸಿರು. ಎರಡೂ ನನಗೆ ತುಂಬಾ ಇಷ್ಟ, ಅದು ಬೇರೆ ಮಾತು. ಆದ್ರೆ ನಮ್ಮೂರಿನ ದೆವ್ವಗಳು ಎಲ್ಲಿಗೆ ಹೋಗಬೇಕು? ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲು. ಮಟಮಟ ಮಧ್ಯಾಹ್ನ ಶಹಾಬಜಾರದ ಓಣಿಯಲ್ಲಿ ಒಂದು ನಾಯಿನೂ ಓಡಾಡಲ್ಲ. ಚಿಕ್ಕವರಿದ್ದಾಗ ನಮಗೆ ರಾತ್ರಿಗಿಂತ ಮಧ್ಯಾಹ್ನ ಹೊರಗೆ ಹೋಗೋಕೇ ಜಾಸ್ತಿ ಬೈತಿದ್ರು. ಬಿಸಿಲಿನ ದೆವ್ವದ ಸಿನಿಮಾ ಯಾಕೆ ಯಾರೂ ಮಾಡಲ್ಲ? 'ನಾಳೆ ಬಾ' ಅಂತ ಬಾಗಿಲ ಮೇಲೆ ಬರೆದು ದೆವ್ವವನ್ನ ವಾಪಸ್ ಕಳಿಸೋ ಉಪಾಯ ಕರ್ನಾಟಕದ ಎಷ್ಟೋ ಊರುಗಳಲ್ಲಿ ಇತ್ತು. ನಾವು ಸುಮ್ಮನೆ ಕೂತಿದ್ವಿ. 2018ರಲ್ಲಿ ಹಿಂದಿಯವರು ಅಂಥದ್ದೇ ಬರಹವನ್ನ ಚಂದೇರಿ ಊರಿನ ಗೋಡೆಗಳ ಮೇಲೆ ಬರೆಸಿ 'ಸ್ತ್ರೀ' ಮಾಡಿ ಗೆದ್ದರು!

ಇರಲಿ. ನಾನು ಸರಿಯಾಗಿ ಅಂಜಿದ್ದು ಥಿಯೇಟರಿನಲ್ಲಿ ಅಲ್ಲ, ಮನೆಯ ಟಿವಿ ಮುಂದೆ. ನಮ್ಮ ಕಡೆ ಹಿಂದಿ-ಉರ್ದು ಓಣಿಯ ಭಾಷೆ. ಹಾಗಾಗಿ ಈಟಿವಿ ಕನ್ನಡದ 'ಸಿಲ್ಲಿ ಲಲ್ಲಿ' ಎಷ್ಟು ನಮ್ಮದೋ ಸೋನಿಯ 'ಆಹಟ್' ಕೂಡ ಅಷ್ಟೇ ನಮ್ಮದು. 'ಆಹಟ್' 1995ರಲ್ಲೇ ಶುರುವಾಗಿತ್ತು, 'ಸಿಐಡಿ' ಮಾಡಿದ ಬಿ.ಪಿ. ಸಿಂಗ್ ಅವರದ್ದೇ. ನಾನು ನೋಡಿದ್ದು ಆಮೇಲಿನ ಕಂತುಗಳನ್ನ. ಈಗ ಯೂಟ್ಯೂಬಿನಲ್ಲಿ ನೋಡಿದ್ರೆ ನಗು ಬರುತ್ತೆ. ಮೇಕಪ್ ಅಂದ್ರೆ ಮುಖಕ್ಕೆ ಬಳಿದ ಮೈದಾಹಿಟ್ಟು, ಗ್ರಾಫಿಕ್ಸ್ ಅಂತೂ ದೇವರಿಗೇ ಪ್ರೀತಿ.

ಆದ್ರೂ ಆಗ ಯಾಕೆ ಅಷ್ಟು ಅಂಜಿದ್ವಿ? ಒಂದೇ ಟಿವಿ, ಅದರ ಮುಂದೆ ಏಳು ಜನ. ನಿಲ್ಲಿಸೋಕೆ ಪಾಸ್ ಬಟನ್ ಇಲ್ಲ. ಎದ್ದು ಹೋದ್ರೆ ಮರುದಿನ ಅಕ್ಕ ಓಣಿಗೆಲ್ಲ ಡಂಗುರ ಸಾರ್ತಾಳೆ. ಸರಿಯಾದ ಟೈಮಿಗೆ ಕರೆಂಟ್ ಹೋದ್ರಂತೂ ಕಥೆಯ ಉಳಿದ ಅರ್ಧ ನಮ್ಮ ತಲೆಯೊಳಗೇ ನಡೀತಿತ್ತು, ಅದು ಸೋನಿಯವರು ತೋರಿಸೋದಕ್ಕಿಂತ ಭಯಂಕರವಾಗಿರ್ತಿತ್ತು. ಆಮೇಲೆ ಮಾಳಿಗಿ ಮೇಲೆ ಮಲಗೋಕೆ ಹೋಗಬೇಕು. ಮುತ್ಯಾನ ಎಡಗಡೆ ಅಕ್ಕ, ಬಲಗಡೆ ನಾನು. "ಯಾಕೋ ತಮ್ಮ, ನಿದ್ದಿ ಬರ್ಲತಿಲ್ಲೇನು?" ಅಂತಿದ್ದ. ಬರ್ತಿಲ್ಲ ಅಂದ್ರೆ, "ಅದು ಪೆಟ್ಟಿಗ್ಯಾಗ ಅದ, ಹೊರಗ ಬರಂಗಿಲ್ಲ. ಬಂದ್ರ ಮೊದಲ ನನ್ನ ಹಿಡಿತದ. ಮಕ್ಕೋ," ಅಂತ ಕೌದಿ ಎಳೆದು ಹೊದಿಸ್ತಿದ್ದ. ಎರಡೇ ನಿಮಿಷಕ್ಕೆ ನಿದ್ದೆ.

'ಆಪ್ತಮಿತ್ರ' ಟಿವಿಯಲ್ಲಿ ಬಂದಾಗ ಮಾತ್ರ ಈ ಔಷಧಿ ಕೆಲಸ ಮಾಡಲಿಲ್ಲ. ಮಲಯಾಳದ 'ಮಣಿಚಿತ್ರತಾಳ್' (1993) ಸಿನಿಮಾವನ್ನ ಪಿ. ವಾಸು 2004ರಲ್ಲಿ ಕನ್ನಡಕ್ಕೆ ತಂದಿದ್ದು ನಿಮಗೆ ಗೊತ್ತೇ ಇದೆ. ಗಂಗಾ ನಾಗವಲ್ಲಿ ಆಗೋ ದೃಶ್ಯಕ್ಕೆ ನಾವೆಲ್ಲ ಉಸಿರು ಬಿಗಿ ಹಿಡಿದು ಕೂತಿದ್ವಿ. ಆಗ ಮುತ್ಯಾ ಮೆಲ್ಲಗೆ, "ಪಾಪ, ಆ ಹುಡುಗಿ ಸಿನಿಮಾ ಬರೂ ಮೊದಲೇ ಸತ್ತು ಹೋಗ್ಯಾಳ," ಅಂದ. ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನ ಹತ್ತಿರ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಸಿನಿಮಾ ಬಂದಿದ್ದು ಆಗಸ್ಟಿನಲ್ಲಿ. ನಾಗವಲ್ಲಿಗೆ ಅಂಜದ ನಾನು ಆ ಮಾತಿಗೆ ಅಂಜಿದೆ. ಸತ್ತವರು ನಗ್ತಿದ್ದಾರೆ, ಹಾಡ್ತಿದ್ದಾರೆ, ನಮ್ಮ ಮನೆಯ ನಡುಮನೆಯಲ್ಲೇ! ಮುಂದೆ ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಹೋದರು, 2010ರ ಫೆಬ್ರವರಿಯಲ್ಲಿ 'ಆಪ್ತರಕ್ಷಕ' ಬಂತು. ಕನ್ನಡದಲ್ಲಿ 'ಭೂತ' ಅಂದ್ರೆ ದೆವ್ವನೂ ಹೌದು, ಕಳೆದು ಹೋದ ಕಾಲನೂ ಹೌದು. ಹಳೇ ಟಿವಿ ಕಾರ್ಯಕ್ರಮ ನೋಡುವಾಗೆಲ್ಲ ಈ ಪದದ ಎರಡೂ ಅರ್ಥ ನೆನಪಾಗುತ್ತೆ ನನಗೆ.

ಮುತ್ಯಾಗೆ ಟಿವಿ ಅಂದ್ರೆ ಬೇರೆಯೇ ಲೆಕ್ಕ. ಕರ್ನಾಟಕದಲ್ಲಿ ಟಿವಿ ಮೊದಲು ಬಂದಿದ್ದು ಬೆಂಗಳೂರಿಗೆ ಅಂತ ನನ್ನ ಸಹೋದ್ಯೋಗಿಗಳು ಅಂದ್ಕೊಂಡಿದ್ದಾರೆ. ಅಲ್ಲ ರೀ! 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ ಇಸ್ರೋದವರು 'ಸೈಟ್' ಅನ್ನೋ ಪ್ರಯೋಗ ಮಾಡಿದ್ರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಆಕಾಶದಿಂದ ಟಿವಿ. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನ. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರಲ್ಲಿ. ಹಿಂದುಳಿದವರು ಅಂತ ಕರೆಸಿಕೊಳ್ಳೋ ನಾವು ಇದೊಂದರಲ್ಲಿ ಮುಂದೆ :-)

ಕಮಲಾಪುರದ ಕಡೆಯ ಒಂದು ಹಳ್ಳಿಯಲ್ಲಿ ಮುತ್ಯಾ ಆ ಟಿವಿ ನೋಡಿದ್ದನಂತೆ. ಕೋಳಿಗೂಡಿನ ಜಾಳಿಗೆಯಂಥ ತಂತಿಯ ದೊಡ್ಡ ಬುಟ್ಟಿ, ಅದೇ ಆಂಟೆನಾ. ಸಂಜೆ ಊರಿಗೆ ಊರೇ ಬಂದು ನೆಲದ ಮೇಲೆ ಕೂರ್ತಿತ್ತಂತೆ. ಏನು ತೋರಿಸ್ತಿದ್ರು ಅಂದ್ರೆ, "ಬಿತ್ತನಿ, ಗೊಬ್ಬರ, ಆರೋಗ್ಯ," ಅಂತಿದ್ದ. ಅದನ್ನ ನೋಡೋಕೆ ಅಷ್ಟು ಜನ ಯಾಕೆ ಬರ್ತಿದ್ರು ಅಂದ್ರೆ, "ಮಂದಿ ಬರ್ತಾರಂತ ಮಂದಿ ಬರ್ತಿದ್ರು," ಅಂದ. ಟಿವಿ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದು.

ಈಗ 2020ಕ್ಕೆ ಬರ್ತೀನಿ. ದೇಶದ ಮೊದಲ ಕೋವಿಡ್ ಸಾವು ಆಗಿದ್ದು ಕಲಬುರಗಿಯವರದ್ದು, ಮಾರ್ಚ್ 10ರಂದು. ಎರಡು ದಿನ ಬಿಟ್ಟು ಅದು ಖಚಿತವಾದಾಗ ರಾತ್ರೋರಾತ್ರಿ ನಮ್ಮೂರ ಹೆಸರು ಎಲ್ಲ ಚಾನೆಲ್‌ಗಳಲ್ಲಿ ಬಂತು. ವರ್ಕ್ ಫ್ರಂ ಹೋಮ್ ಅಂತ ನಾನು ಊರಿಗೆ ಬಂದೆ. ಶಹಾಬಜಾರ ನಾಕಾದ ರಸ್ತೆ ಬೆಳಿಗ್ಗೆ ಹನ್ನೊಂದಕ್ಕೇ ಖಾಲಿ. ಉರಿಬಿಸಿಲು, ಮುಚ್ಚಿದ ಅಂಗಡಿ, ದೂರದಲ್ಲಿ ಎಲ್ಲೋ ಆಂಬುಲೆನ್ಸ್. ನಾನು ಕೇಳ್ತಿದ್ದ ಬಿಸಿಲಿನ ಹಾರರ್ ಸಿನಿಮಾ ಕಣ್ಣೆದುರಿಗೇ ಇತ್ತು. ಮಳೆ ಇಲ್ಲ, ಮಂಜಿಲ್ಲ, ಹಿನ್ನೆಲೆ ಸಂಗೀತ ಇಲ್ಲ.

ಮಾರ್ಚ್ 28ರಿಂದ ದೂರದರ್ಶನದಲ್ಲಿ ರಮಾನಂದ ಸಾಗರರ 'ರಾಮಾಯಣ' ಮತ್ತೆ ಶುರುವಾಯ್ತು. ರಾತ್ರಿ ಒಂಬತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚಿ ನಾನೂ ಮುತ್ಯಾನ ಪಕ್ಕ ಕೂರ್ತಿದ್ದೆ. ಬಾಣಗಳು ಗಾಳಿಯಲ್ಲಿ ಡಿಕ್ಕಿ ಹೊಡೆಯೋದು ನೋಡಿ ನನಗೆ ನಗು, ಅವನಿಗೆ ಭಕ್ತಿ. "1987ನ್ಯಾಗ ಇದನ್ನ ನೋಡ್ಬೇಕಂದ್ರ ಕೂಡ್ಲಕ ಜಾಗ ಇರ್ತಿರ್ಲಿಲ್ಲ. ಈಗ ನೋಡು, ಜಾಗನೇ ಜಾಗ," ಅಂದ ಒಂದು ದಿನ. ಹೊರಗಿನ ಅಂಜಿಕಿ ಆ ಒಂದು ಗಂಟೆ ಹೊಸ್ತಿಲಾಚೆ ನಿಲ್ತಿತ್ತು. ಆ ದಿನಗಳಲ್ಲೇ ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿದ್ದೆ. ಮುತ್ಯಾ ಟಿವಿ ನೋಡ್ತಾ ಕೈ ಮುಗೀತಾನೆ, ಆಮೇಲೆ ನನ್ನ ಕಡೆ ತಿರುಗಿ ಏನೋ ಹೇಳ್ತಾನೆ.

2021ರ ಮೇ ತಿಂಗಳಲ್ಲಿ ಮುತ್ಯಾ ಹೋದ. ಎರಡನೇ ಅಲೆ. ಜೀವನಪೂರ್ತಿ ಮಂದಿ ನಡುವೆ ಕೂತವನನ್ನ ಕಳಿಸೋಕೆ ನಾವು ನಾಲ್ಕೇ ಜನ ಇದ್ವಿ, ಅದೂ ದೂರದಲ್ಲಿ. ಅವತ್ತು ರಾತ್ರಿ ಮಾಳಿಗಿ ಮೇಲೆ ಅಕ್ಕ ಆ ಕಡೆ, ನಾನು ಈ ಕಡೆ. ನಡುವೆ ಜಾಗ ಹಾಗೇ ಇತ್ತು. ಇಬ್ಬರಿಗೂ ನಿದ್ದೆ ಬರಲಿಲ್ಲ.

ಅದಾದ ಮೇಲೆ ನೂರಾರು ಹಾರರ್ ಸಿನಿಮಾ ನೋಡಿದ್ದೀನಿ. ಬೆಂಗಳೂರಿನ ರೂಮಿನಲ್ಲಿ, ಲೈಟ್ ಆರಿಸಿ, ಹೆಡ್‌ಫೋನ್ ಹಾಕ್ಕೊಂಡು, ಒಬ್ಬನೇ. ಒಂದಕ್ಕೂ ಅಂಜಿಲ್ಲ. ಯಾಕೆ ಅಂತ ಈಗ ಗೊತ್ತಾಗ್ತಿದೆ. ಸಿನಿಮಾದ ಅಂಜಿಕಿ ಒಂಥರಾ ಸುಖದ ಅಂಜಿಕಿ. ಹಿಡ್ಕೊಳ್ಳೋಕೆ ಒಂದು ಕೈ ಇದೆ ಅಂತ ಗೊತ್ತಿದ್ರೆ ಮಾತ್ರ ಮನಸ್ಸು ಅಂಜೋಕೆ ಒಪ್ಪುತ್ತೆ. ಕೈ ಇಲ್ಲದಿದ್ರೆ ಅದು ಗಟ್ಟಿಯಾಗಿ ಕೂತುಬಿಡುತ್ತೆ, ಕಿವಿ ಮಾತ್ರ ಬೆಚ್ಚಿಬೀಳುತ್ತೆ. ಇಷ್ಟೆಲ್ಲ ಧೈರ್ಯವಂತನಾದ ನಾನು ಫೋನಿನಲ್ಲಿರೋ ಆ ವಿಡಿಯೋ ಮಾತ್ರ ಇನ್ನೂ ಹಚ್ಚಿಲ್ಲ.

ಹೋದ ದೀಪಾವಳಿಗೆ ಊರಲ್ಲಿದ್ದಾಗ ಯಾವುದೋ ಚಾನೆಲ್ಲಿನಲ್ಲಿ 'ಆಪ್ತಮಿತ್ರ' ಬರ್ತಿತ್ತು. ಅಕ್ಕನ ಮಗನಿಗೆ ಆರು ವರ್ಷ. ಮೊಬೈಲಿನಲ್ಲಿ ಎಂಥೆಂಥ ರಾಕ್ಷಸರನ್ನೋ ಹೊಡೆದು ಹಾಕೋ ಹುಡುಗ, ನಾಗವಲ್ಲಿ ಬರೋ ಹೊತ್ತಿಗೆ ಮೊಬೈಲು ಬಿಟ್ಟು ನನ್ನ ಬೆನ್ನ ಹಿಂದೆ ಬಂದು ಕೂತ.

"ಮಾಮಾ, ಅಕಿ ಹೊರಗ ಬರ್ತಾಳೇನು?"

"ಇಲ್ಲೋ. ಬಂದ್ರ ಮೊದಲ ನನ್ನ ಹಿಡಿತಾಳ," ಅಂದೆ.

ಅಕ್ಕ ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಟಿವಿ ಸೌಂಡು ಸ್ವಲ್ಪ ಜಾಸ್ತಿ ಮಾಡಿ ನಮ್ಮ ಹತ್ತಿರ ಸರಿದು ಕೂತಳು.