ಒಂದೇ ಗಂಗಾಳದಲ್ಲಿ ಉಂಡವರು

ಗುರುತಿಲ್ಲದವರು ಮೋಸ ಮಾಡಿದರೆ ದೂರು ಕೊಡ್ತೀವಿ, ನಂಬರ್ ಬ್ಲಾಕ್ ಮಾಡ್ತೀವಿ, ನಾಲ್ಕು ಜನರ ಮುಂದೆ ಬೈದು ಹಗುರಾಗ್ತೀವಿ. ನಮ್ಮವರೇ ಮಾಡಿದರೆ? ಬೈಯೋಕೂ ಬಾಯಿ ಬರಲ್ಲ.

ಕೊಂಕಲ್‌ನಲ್ಲಿರುವ ನಮ್ಮಪ್ಪ, ತಮ್ಮ ಅಣ್ಣನ ಮಗನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದರು. ನಮ್ಮ ಮನೆಯಲ್ಲೇ ಬೆಳೆದವನು. ಭಾನುವಾರ ಚರ್ಚಿನಲ್ಲಿ ಅಪ್ಪನ ಪಕ್ಕದಲ್ಲೇ ಕೂತು ಹಾಡುತ್ತಿದ್ದ. "ಮನಿ ಹುಡುಗ ಅದಾನ, ಸೈ ಹಾಕಲ್ಲ ಅಂದ್ರ ಹ್ಯಾಂಗ?" ಅಂದಿದ್ದರು ಅಪ್ಪ. ಅವನು ಬ್ಯಾಂಕಿಗೂ ಹೇಳದೆ ಟ್ರ್ಯಾಕ್ಟರ್ ಮಾರಿ ಊರು ಬಿಟ್ಟ. ನೋಟಿಸ್ ಬಂದದ್ದು ಅಪ್ಪನ ಹೆಸರಿಗೆ. 1872ರ ಒಪ್ಪಂದ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಜಾಮೀನುದಾರನ ಹೊಣೆಯೂ ಸಾಲಗಾರನಷ್ಟೇ. ಗೆಳೆಯನ ಪರ್ಸನಲ್ ಲೋನ್‌ಗೆ ಸೈ ಹಾಕುವ ಮುಂಚೆ ಇದೊಂದು ಓದಿಕೊಳ್ಳಿ.

ತಂಗಿಯ ಮದುವೆಗೆ ಇಟ್ಟಿದ್ದ ಹಣ ಹೋಯಿತು. ಅಪ್ಪ ದುಡ್ಡಿನ ಮಾತೇ ಎತ್ತಲಿಲ್ಲ. "ಕ್ರಿಸ್‌ಮಸ್‌ಗೆ ಬಂದು ಕಾಕಾ ಕಾಕಾ ಅಂತ ಉಂಡು ಹೋದ್ನಲ್ಲ, ಆಗ್ಲೇ ಮಾರಿದ್ನಲ್ಲ" ಅನ್ನೋದೊಂದೇ ಮಾತು, ತಿಂಗಳುಗಟ್ಟಲೆ.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಅಂದಿನಿಂದ ನನಗೆ ಬೇರೆಯಾಗಿಯೇ ಕಾಣುತ್ತೆ. ಶಿಷ್ಯರ ಹಣದ ಚೀಲ ಇದ್ದದ್ದು ಯೂದನ ಕೈಯಲ್ಲೇ. ನಂಬಿದವರ ಕೈಗೇ ತಾನೇ ಗಂಟು ಕೊಡೋದು? ಅವನು ಹಿಡಿದುಕೊಡ್ತಾನೆ ಅಂತ ಗೊತ್ತಿದ್ದೂ ಯೇಸುಸ್ವಾಮಿ ಅವನ ಕಾಲನ್ನೂ ತೊಳೆದರು, ರೊಟ್ಟಿ ತುಂಡು ಅದ್ದಿ ಕೊಟ್ಟರು. ಪ್ರಸಂಗಗಳಲ್ಲಿ ಎಷ್ಟೋ ಸಲ ಇಲ್ಲಿಗೇ ನಿಲ್ಲಿಸಿ "ಕ್ಷಮಿಸಿಬಿಡಿ" ಅಂತಾರೆ. ಆದರೆ ನಿಮ್ಮಲ್ಲೇ ಒಬ್ಬ ದ್ರೋಹಿ ಇದ್ದಾನೆ ಅಂತ ಅದೇ ಊಟದಲ್ಲಿ ಎಲ್ಲರ ಮುಂದೆ ಹೇಳಿದರು. ಹೇಳುವಾಗ ಒಳಗೇ ಕಲಕಿಹೋಗಿದ್ದರು ಅಂತ ಯೋಹಾನ ಬರೆದಿದ್ದಾನೆ. ನೋವನ್ನು ನುಂಗಿಕೊಂಡು ನಗಲಿಲ್ಲ. ನನಗೆ ಸಮಾಧಾನ ಕೊಟ್ಟದ್ದು ಆ ಸಾಲೇ.

ಯೂದ ಆರಿಸಿಕೊಂಡ ಗುರುತಾದರೂ ಎಂಥದು, ಮುತ್ತು! ಸಲುಗೆಯೇ ಆಯುಧ. ನಮ್ಮ ಜಿಲ್ಲೆಯ ಸುರಪುರದಲ್ಲೂ ಸಲುಗೆಯ ಒಂದು ಕಥೆ ಇದೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಬಂದಾಗ ವೆಂಕಟಪ್ಪ ನಾಯಕ ಇನ್ನೂ ಹುಡುಗ. ಟೇಲರ್‌ನನ್ನು 'ಅಪ್ಪಾ' ಎಂದೇ ಕರೆಯುತ್ತಾ ಬೆಳೆದ. ದೊಡ್ಡವನಾಗಿ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೋತ, ಹೈದರಾಬಾದಿನಲ್ಲಿ ಸೆರೆಯಾದ. ಸೆರೆಮನೆಯಲ್ಲಿ ನೋಡಲು ಬಂದ ಅದೇ 'ಅಪ್ಪ', ಜೊತೆಗಿದ್ದವರು ಯಾರೆಂದು ಕೇಳಿದ. ಎದುರಿಗೆ ಸಾವು ಕಾಣುತ್ತಿದ್ದರೂ ಹುಡುಗ ಹೆಸರು ಬಿಡಲಿಲ್ಲ. ಇದನ್ನು ಟೇಲರ್ ತನ್ನ ಆತ್ಮಕಥೆಯಲ್ಲೇ ಬರೆದಿದ್ದಾನೆ. ಯೂದನಿಗೆ ಮೂವತ್ತು ಬೆಳ್ಳಿ ನಾಣ್ಯ ಸಾಕಾಗಿತ್ತು. ಸುರಪುರಕ್ಕೆ ಹೋದವರಿಗೆ ಟೇಲರ್ ಮಂಜಿಲ್ ತೋರಿಸ್ತಾರೆ. ನನಗೋ ಅಲ್ಲಿ ಆ ಹೇಳದೇ ಉಳಿದ ಹೆಸರುಗಳೇ ನೆನಪಾಗ್ತವೆ.

ದೂರು ಕೊಡೋಣ ಅಂದಾಗ ಅಪ್ಪ ಮೊದಲು ಒಪ್ಪಲಿಲ್ಲ. "ಅಣ್ಣನ ಮಗನ ಮ್ಯಾಲ ನಾನೇ ಕಂಪ್ಲೇಂಟ್ ಕೊಡ್ಲೇನು?" ಮುಚ್ಚಿಡೋದು ಪ್ರೀತಿ ಅಂತ ನನಗನ್ನಿಸಲ್ಲ, ಅವನು ನಾಳೆ ಇನ್ನೊಬ್ಬ ಕಾಕಾನ ಹತ್ತಿರ ಸೈ ಹಾಕಿಸಿಕೊಳ್ತಾನೆ. ಇದನ್ನೇ ಹೇಳಿದೆ. ಎರಡು ದಿನ ಸುಮ್ಮನಿದ್ದು, ಮೂರನೇ ದಿನ ತಾವೇ ಶರ್ಟ್ ಹಾಕಿಕೊಂಡು ಹೊರಟರು.

ತಂಗಿಯ ಮದುವೆ ಮುಂದಿನ ತಿಂಗಳು, ಸಣ್ಣದಾಗಿ. ಕಾರ್ಡಿನ ಕವರ್‌ಗಳ ಮೇಲೆ ಅಪ್ಪನೇ ಹೆಸರು ಬರೆದರು. ಅವನ ಹೆಸರಿನದೂ ಒಂದಿದೆ. ವಿಳಾಸ ಗೊತ್ತಿಲ್ಲ, ಅಂಟಿಸಿಯೂ ಇಲ್ಲ.