ಟ್ಯಾಂಕಿನ ಸುದ್ದಿ

ದೇವರಾಯನದುರ್ಗದ ತಪ್ಪಲಿನ ಮನೆಯಲ್ಲಿ ಅಮ್ಮ ಒಬ್ಬಳೇ, ನಾನು ತುಮಕೂರಿನಲ್ಲಿ. ಹೋದ ವರ್ಷ ನನ್ನ ಮಗ ಅವಳ ನೀರಿನ ಟ್ಯಾಂಕಿಗೆ ಬೆಂಕಿಪೊಟ್ಟಣದಷ್ಟು ಚಿಕ್ಕ ‘ಇಎಸ್‌ಪಿ 8266’ ಕೂರಿಸಿದ. ನೀರು ತುಂಬಿದೊಡನೆ ಅದು ಮನೆಯ ವೈಫೈ ಮೂಲಕ ನನ್ನ ಮೊಬೈಲಿಗೆ ಸುದ್ದಿ ಕಳಿಸುತ್ತದೆ. ಬೆಳಿಗ್ಗೆ ಆರೂವರೆಗೆ ‘ಟ್ಯಾಂಕ್ ತುಂಬಿದೆ’ ಎಂದು ಬಂದರೆ, ‘ಅಮ್ಮ ಎದ್ದಿದ್ದಾಳೆ’ ಎಂದು ನಾನು ಓದಿಕೊಳ್ಳುತ್ತಿದ್ದೆ.

ಒಂದು ದಿನ ಎಂಟಾದರೂ ಸುದ್ದಿಯಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಒಲೆ ಆರಿಸಿ ಬಸ್ಸು ಹತ್ತಿದೆ. ನೋಡಿದರೆ ಅಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಳೆ!

“ರಾತ್ರಿಯಿಂದ ಕರೆಂಟಿಲ್ಲ ಕಣೇ.”

ಕರೆಂಟು ಹೋದರೆ ವೈಫೈಯೂ ಇಲ್ಲ, ಆ ಬಿಲ್ಲೆಯೂ ಮೂಕ. ತಾನು ಸತ್ತದ್ದನ್ನು ಅದು ಹೇಗೆ ತಿಳಿಸೀತು? ಮಗ ಆಮೇಲೆ ಎರಡಕ್ಕೂ ಬ್ಯಾಟರಿ ಕೊಟ್ಟ, ಆ ಮಾತು ಬೇರೆ.

“ನಿನ್ನ ಟ್ಯಾಂಕು ನನ್ನ ಮಂಡಿನೋವು ಹೇಳತ್ತೇನೇ?” ಎಂದಳು ಅಮ್ಮ, ಮೊರವನ್ನು ನನ್ನತ್ತ ತಳ್ಳುತ್ತಾ. ಸಂಜೆಯ ಬಸ್ಸಿಗೇ ಹೊರಟೆ.